ಹನ್ನೆರಡರಲ್ಲಿ ಒಂದು ರೋಲು

ಫಿಲಂ ರೋಲು ಬರುವ ಕಪ್ಪು ಪ್ಲಾಸ್ಟಿಕ್ ಡಬ್ಬಿಯನ್ನು ನಮ್ಮ ಮನೆಯಲ್ಲಿ ಯಾರೂ ಎಸೆಯುತ್ತಿರಲಿಲ್ಲ. ಮೈಸೂರಿನ ಹೆಬ್ಬಾಳದ ಬಸ್ ಸ್ಟಾಪಿನ ಎದುರು ನಮ್ಮ ಮನೆಯವರ ಸ್ಟುಡಿಯೋ, ಅದರ ಹಿಂದೆಯೇ ಮನೆ. ಪಾಳಿ ಮುಗಿಸಿದ ಕಾರ್ಖಾನೆಯವರು ಗುರುತಿನ ಚೀಟಿಗೆ ಫೋಟೊ ತೆಗೆಸಿಕೊಂಡು ಹೋದಂತೆಲ್ಲ ಖಾಲಿ ಡಬ್ಬಿಗಳು ಅಡುಗೆಮನೆಗೆ ಬರುತ್ತಿದ್ದವು. ಲವಂಗಕ್ಕೊಂದು, ಏಲಕ್ಕಿಗೊಂದು, ಗುಂಡಿಗೊಂದು, ದೇವರ ಗೂಡಿನಲ್ಲಿ ಕುಂಕುಮಕ್ಕೊಂದು, ವಿಭೂತಿಗೊಂದು. ಮುಚ್ಚಳ ಗಟ್ಟಿ, ಇರುವೆ ನುಗ್ಗುವುದಿಲ್ಲ. ಈ ಅಭ್ಯಾಸ ದೆಹಲಿಯ ವಿಮಾನ ನಿಲ್ದಾಣದಲ್ಲಿ ನನ್ನನ್ನು ಯಾವ ಸ್ಥಿತಿಗೆ ತಂದು ನಿಲ್ಲಿಸಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಯಾದವಗಿರಿಯಲ್ಲಿ ಒಬ್ಬ ನಿವೃತ್ತ ಪ್ರಾಧ್ಯಾಪಕರಿದ್ದರು. ನಾವು ಮೇಷ್ಟ್ರು ಎನ್ನುತ್ತಿದ್ದೆವು. ಅವರು ಶಿವಪೂಜೆಯ ಪದ್ಧತಿಗಳ ಮೇಲೆ ಪುಸ್ತಕ ಬರೆಯುತ್ತಿದ್ದರು. ಕಾಶಿಯ ಒಂದು ಹಳೆಯ ಮಠದಲ್ಲಿ ತೀರ ವಯಸ್ಸಾದ ಸ್ವಾಮಿಗಳೊಬ್ಬರು ಇಷ್ಟಲಿಂಗ ಪೂಜೆಯನ್ನು ಬೇರೆಲ್ಲೂ ಉಳಿಯದ ಹಳೆಯ ಕ್ರಮದಲ್ಲಿ ಮಾಡುತ್ತಾರೆಂದು ಕೇಳಿ, ಅದರ ಚಿತ್ರ ಬೇಕೆಂದು ಎರಡು ವರ್ಷ ಪತ್ರ ಬರೆದಿದ್ದರು.

"ಮೂರು ಬೆಳಗು ಒಪ್ಪಿದ್ದಾರೆ, ಅಷ್ಟೇ," ಎಂದರು ಮೇಷ್ಟ್ರು ಸ್ಟುಡಿಯೋಗೆ ಬಂದು. "ಫ್ಲಾಷ್ ಹೊಡೆಯೋ ಹಾಗಿಲ್ಲ. ಪೂಜೆ ನಿಲ್ಸಿ ಈ ಕಡೆ ನೋಡಿ ಅನ್ನೋ ಹಾಗೂ ಇಲ್ಲ. ದೀಪದ ಬೆಳಕಲ್ಲಿ ಏನು ಸಿಗುತ್ತೋ ಅದು. ಇನ್ನೊಂದ್ಸಲ ಕೇಳಿದ್ರೆ ಒಪ್ಪಲ್ಲ."

ನಮ್ಮ ಮನೆಯವರು ಆ ಕೆಲಸಕ್ಕೆ ಕಪ್ಪು ಬಿಳುಪು ಫಿಲಂ ಸಾಕೆಂದರು. ಬೆಳಕು ಹಿಡಿಯುವ ವೇಗ ನಾನೂರಿರುವ ಫಿಲಮನ್ನು ಸಾವಿರದ ಆರುನೂರರದ್ದು ಎಂದುಕೊಂಡು ಫೋಟೊ ತೆಗೆಯುವುದು, ಆಮೇಲೆ ತೊಳೆಯುವಾಗ ಹೆಚ್ಚು ಹೊತ್ತು ಡೆವಲಪರಿನಲ್ಲಿಟ್ಟು ಆ ಕೊರತೆ ತುಂಬುವುದು. ನಾವು ಫಿಲಮನ್ನು ದೊಡ್ಡ ತಗಡಿನ ಡಬ್ಬದಲ್ಲಿ ಉದ್ದಕ್ಕೆ ತರುತ್ತಿದ್ದೆವು. ಡಾರ್ಕ್ ರೂಮಿನ ಬಾಗಿಲ ಚೌಕಟ್ಟಿಗೆ ಎರಡು ಮೊಳೆ ಹೊಡೆದಿತ್ತು. ಕತ್ತಲಲ್ಲಿ ಆ ಮೊಳೆಯಿಂದ ಈ ಮೊಳೆಗೆ ಅಳೆದು, ಕತ್ತರಿಸಿ, ಹಳೆಯ ಖಾಲಿ ರೋಲುಗಳೊಳಗೆ ಸುತ್ತಿ ಮುಚ್ಚುವುದು ನನ್ನ ಕೆಲಸ. ಹಾಗಾಗಿ ನಮ್ಮ ರೋಲುಗಳ ಮೇಲೆ ಬರೆದಿರುವುದಕ್ಕೆ ಅರ್ಥವಿರಲಿಲ್ಲ, ಎಲ್ಲವೂ ಒಂದೇ ಥರ. ಯಾವುದರಲ್ಲಿ ಏನಿದೆ ಎಂಬ ಗುರುತು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಚೀಟಿಯ ಮೇಲೆ ಮಾತ್ರ.

"ನೀನೂ ಬಂದ್ಬುಡು," ಎಂದರು ಅವರು. "ರೋಲು ಬದಲಾಯಿಸ್ಕೊಡೋಕೆ ಕೈ ಬೇಕು. ಕಾಶಿ ನೋಡ್ದಂಗೂ ಆಯ್ತದೆ."

ಕಾಶಿಗೆ ಕರೆಯುವ ರೀತಿ ಅದಲ್ಲ. ಆದರೂ ಕರೆ ಬಂತಲ್ಲ ಎಂದು ಹೊರಟೆ.

ಮೂರು ಬೆಳಗೂ ಮಠದ ಆ ಕೋಣೆಯಲ್ಲಿ ನಾನು ಕಂಬದ ಪಕ್ಕ ಕೂತು ರೋಲು ತುಂಬಿ ಕೊಡುತ್ತಿದ್ದೆ, ತೆಗೆದದ್ದನ್ನು ಡಬ್ಬಿಗೆ ಹಾಕಿ ಅಂಕಿ ಬರೆಯುತ್ತಿದ್ದೆ. ದಿನಕ್ಕೆ ಮೂರರಂತೆ ಒಂಬತ್ತು ರೋಲಾಯಿತು. ಮೊದಲೆರಡು ದಿನ ದೀಪದ ಕಂಬ ಸ್ವಾಮಿಗಳ ಹಿಂದಕ್ಕಿತ್ತು. ಅಂಗೈ ಕಾಣುತ್ತದೆ, ಮುಖ ಕತ್ತಲಲ್ಲೇ ಉಳಿಯುತ್ತದೆ ಎಂದು ನಮ್ಮ ಮನೆಯವರು ಒದ್ದಾಡಿದರು. ಮೂರನೆಯ ದಿನ ಧೈರ್ಯ ಮಾಡಿ, ದೀಪ ಒಂದು ಮೊಳ ಮುಂದಿಡಬಹುದೇ ಎಂದು ಮಠದವರನ್ನು ಕೇಳಿದರು. ಸ್ವಾಮಿಗಳು ತಾವೇ ಎಳೆದುಕೊಂಡರು. ಅವತ್ತು ಲಿಂಗವನ್ನು ಅಂಗೈಲಿಟ್ಟು ನೋಡುತ್ತ ಕೂತ ಹೊತ್ತಿಗೆ ಒಂದಿಡೀ ರೋಲು ಖರ್ಚಾಯಿತು. ಹೊರಗೆ ಬಂದ ಮೇಲೆ ಇವರು ಕಣ್ಣೊರೆಸಿಕೊಂಡು, "ಬಂತು ಕಣೇ. ಮೇಷ್ಟ್ರಿಗೆ ಬೇಕಾದ್ದು ಬಂತು," ಎಂದರು. ಮಠದ ಕಟ್ಟಡಕ್ಕೆ ಎರಡು ರೋಲು. ಅಲ್ಲಿಗೆ ಹನ್ನೊಂದು.

ಹನ್ನೆರಡನೆಯದು ನಮ್ಮದು. ನಾಲ್ಕನೆಯ ದಿನ ಗಂಗೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ತೆಗೆದದ್ದು. ಸಾವಿರಾರು ಜನರ ಮುಖ ತೆಗೆದವರು ಹೆಂಡತಿಯ ಒಂದು ಒಳ್ಳೆಯ ಫೋಟೊ ತೆಗೆದಿರಲಿಲ್ಲ. ಆ ರೋಲಿನ ಕೊನೆಗೆ ಪಾಚಿಯ ಮೇಲೆ ಕಾಲಿಟ್ಟು ಬಿದ್ದರು. ಬೀಳುವಾಗಲೂ ಕ್ಯಾಮೆರಾವನ್ನು ಮೇಲೆತ್ತಿ ಹಿಡಿದಿದ್ದರು. ಕ್ಯಾಮೆರಾಗೆ ಏನೂ ಆಗಲಿಲ್ಲ, ಪಾದದ ಮೂಳೆ ಮುರಿಯಿತು. ಮೊಣಕಾಲಿನವರೆಗೂ ಪ್ಲಾಸ್ಟರ್. ತಲೆಗೆ ಪೆಟ್ಟಾಗಲಿಲ್ಲವಲ್ಲ ಎಂದು ನಾನು ಅಲ್ಲೇ ಗಂಗಮ್ಮನಿಗೆ ಕೈ ಮುಗಿದೆ.

ಮೈಸೂರಿನವರೆಗೆ ರೈಲಿನಲ್ಲಿ ಆ ಕಾಲು ಇಟ್ಟುಕೊಂಡು ಬರುವುದು ಆಗದ ಮಾತು. ಮೇಷ್ಟ್ರು ಫೋನಿನಲ್ಲಿ ಕೇಳಿಸಿಕೊಂಡವರೇ ದೆಹಲಿಯಿಂದ ಬೆಂಗಳೂರಿಗೆ ವಿಮಾನದ ಟಿಕೆಟ್ ಮಾಡಿಸಿದರು. ದೆಹಲಿಯವರೆಗೆ ರೈಲು. ಆ ರೈಲಿನಲ್ಲಿ ಇವರಿಗೆ ಕಾಲಿಗಿಂತ ಹೆಚ್ಚಾಗಿ ಎಕ್ಸ್-ರೇ ಯಂತ್ರದ ಚಿಂತೆ ಹತ್ತಿತು.

"ಸಾಮಾನ್ಯ ಫಿಲಮಿಗೆ ಪರವಾಗಿಲ್ಲ ಅಂತಾರೆ. ನಮ್ದು ಸಾವಿರದಾರ್ನೂರಕ್ಕೆ ಎಳೆದಿರೋದು. ಯಂತ್ರದ ಕಿರಣ ತಗುಲಿದ್ರೆ ಮಬ್ಬಾಗೋಗುತ್ತೆ. ಕತ್ತಲಲ್ಲಿ ತೆಗೆದದ್ರ ಮೇಲೆ ಇನ್ನೊಂದು ಮಬ್ಬು ಕೂತ್ರೆ ಏನುಳೀತು? ಸೂಟ್‌ಕೇಸಿಗೆ ಹಾಕೋದು ಬೇಡವೇ ಬೇಡ, ಆ ಯಂತ್ರ ಇನ್ನೂ ಜೋರು. ಕೈಲೇ ಇಟ್ಕೊಂಡು, ಕೈಲೇ ನೋಡಿ ಅನ್ಬೇಕು."

ನನಗೆ ಹಿಂದಿ ಬಾರದು. ಅವರಿಗೂ ಅಷ್ಟಕ್ಕಷ್ಟೆ. ಒಂದು ವಾಕ್ಯ ಕಲಿಸಿದರು: "ಫಿಲಂ ಹೈ, ಮಶೀನ್ ಮೇ ನಹೀ, ಹಾಥ್ ಸೇ ದೇಖಿಯೇ." ನಾನದನ್ನು ಪಂಚಾಕ್ಷರಿಯ ಜೊತೆಗೇ ಜಪಿಸುತ್ತ ಬಂದೆ.

ನನ್ನ ತಪ್ಪು ನಡೆದದ್ದೂ ಅದೇ ರೈಲಿನಲ್ಲಿ. ಮಠ ಬಿಡುವಾಗ ಸ್ವಾಮಿಗಳ ಕೈಯಿಂದಲೇ ಸಿಕ್ಕಿದ ವಿಭೂತಿಯ ಪೊಟ್ಟಣ ಹರಿಯತೊಡಗಿತ್ತು. ನಾನು ಯೋಚಿಸಲೇ ಇಲ್ಲ, ಕೈ ತಾನಾಗಿ ಫಿಲಂ ಡಬ್ಬಿಗೆ ಹೋಯಿತು. ಹನ್ನೆರಡನೆಯ ರೋಲನ್ನು ಹೊರತೆಗೆದು ಕರ್ಚೀಫಿನಲ್ಲಿ ಗಂಟು ಹಾಕಿ, ಅದರ ಡಬ್ಬಿಗೆ ವಿಭೂತಿ ತುಂಬಿ, ಮಿಕ್ಕ ಹನ್ನೊಂದರ ನಡುವೆ ಇಟ್ಟೆ. ಸ್ವಾಮಿಗಳು ಕೊಟ್ಟದ್ದು ಜೊತೆಗಿದ್ದರೆ ಯಾವ ಕಿರಣವೂ ಏನೂ ಮಾಡದು ಎಂದು ಒಳಗೊಳಗೇ ಸಮಾಧಾನವೂ ಆಯಿತು. ಮಲಗಿದ್ದ ಇವರಿಗೆ ಹೇಳಲಿಲ್ಲ.

ನಿಲ್ದಾಣದಲ್ಲಿ ಮೊದಲ ಕೌಂಟರಿನಲ್ಲೇ ನಮ್ಮ ಎರಡು ಕ್ಯಾಮೆರಾಗಳಲ್ಲಿ ಹೊಸದರ ಸೆಲ್ ಬಿಚ್ಚಿಸಿ ಸೂಟ್‌ಕೇಸಿಗೆ ಹಾಕಿಸಿದರು. ಕೈಚೀಲಕ್ಕೆ ಒಂದು ಚೀಟಿ ಕಟ್ಟಿ, ತಪಾಸಣೆಯವರ ಮೊಹರು ಇದರ ಮೇಲೆ ಬೀಳದಿದ್ದರೆ ಹತ್ತಿಸುವುದಿಲ್ಲ ಎಂದರು. ಇವರಿಗೆ ಗಾಲಿಕುರ್ಚಿ ಬಂತು. ಫಿಲಂ ಚೀಲ ಅವರ ತೊಡೆಯ ಮೇಲಿರಬೇಕು, ಮಾತೆಲ್ಲ ಅವರೇ ಆಡಬೇಕು ಎಂದು ಮಾತಾಗಿತ್ತು. ಆದರೆ ಕುರ್ಚಿ ತಳ್ಳುವವನು ಚೀಲವನ್ನೂ ಕ್ಯಾಮೆರಾಗಳನ್ನೂ ನನ್ನ ಕೈಗೆ ಕೊಟ್ಟು, ಪ್ಲಾಸ್ಟರನ್ನು ಬೇರೆಯಾಗಿ ನೋಡಬೇಕೆಂದು ಇನ್ನೊಂದು ಬಾಗಿಲಿನತ್ತ ತಿರುಗಿಸಿದ.

"ಹೇಳ್ಕೊಟ್ಟಿದ್ದು ನೆನಪಿದ್ಯೇನೇ?" ಎಂದು ಇವರು ಕೂಗಿದರು.

"ಇದೆ, ನೀವು ಓಗಿ," ಎಂದೆ. ಗಾಬರಿಯಲ್ಲಿ ನನ್ನ ತವರಿನ ಮಾತೇ ಬಾಯಿಗೆ ಬಂತು.

ಹೆಂಗಸರ ಪರದೆಯೊಳಗೆ ಪೊಲೀಸಮ್ಮನ ಕೈಯಲ್ಲಿದ್ದ ಕೋಲು ನನ್ನ ಎದೆಯ ಹತ್ತಿರ ಕೀಂ ಎಂದಿತು. ಬೆಳ್ಳಿಯ ಕರಡಿಗೆ ತೆಗೆದು, ಒಳಗಿದ್ದ ಲಿಂಗ ತೋರಿಸಿದೆ. "ಭಗವಾನ್?" ಎಂದಳು. "ಹಾ, ಭಗವಾನ್." ಅವಳು ಮುಟ್ಟಲಿಲ್ಲ, ಕೋಲನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದು ಬಿಟ್ಟಳು.

ಯಂತ್ರದ ಪಟ್ಟಿಯ ಮುಂದೆ ನಿಂತು ನನ್ನ ವಾಕ್ಯ ಹೇಳಿದೆ. ಅಧಿಕಾರಿ ಒಪ್ಪಿ ಪಕ್ಕದ ಮೇಜು ತೋರಿಸಿದಾಗ ಮುಗಿಯಿತು ಎಂದುಕೊಂಡೆ. ಆತ ಮೊದಲು ಕ್ಯಾಮೆರಾ ಒತ್ತಿ ತೋರಿಸು ಎಂದು ಸನ್ನೆ ಮಾಡಿದ. ಹೊಸದು ಸೆಲ್ ಇಲ್ಲದೆ ಅಲುಗಲಿಲ್ಲ. ಹಳೆಯದಕ್ಕೆ ಸೆಲ್ಲೇ ಬೇಡ, ಕ್ಲಿಕ್ ಎಂದಿತು. ಒಂದು ಮಾತಾಡಿತು, ಒಂದು ಮಾತಾಡಲಿಲ್ಲ ಎಂದು ಆತ ಹುಬ್ಬು ಗಂಟಿಕ್ಕಿದ. ಆಮೇಲೆ ಡಬ್ಬಿಗಳು. ಮೊದಲನೆಯದರಲ್ಲಿ ರೋಲು. ಎರಡನೆಯದರಲ್ಲಿ ರೋಲು. ಮೂರನೆಯದರ ಮುಚ್ಚಳ ಬಿಚ್ಚಿದಾಗ ಬಿಳಿಯ ಪುಡಿ ಅವನ ಖಾಕಿ ಅಂಗಿಯ ತೋಳಿನ ಮೇಲೆ ಹಾರಿತು.

ಆತ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಇನ್ನಿಬ್ಬರು ಬಂದರು. ಮೂವರೂ ಒಟ್ಟಿಗೆ ಕೇಳತೊಡಗಿದರು. ನನ್ನ ಹತ್ತಿರ ಇದ್ದದ್ದು ಒಂದೇ ವಾಕ್ಯ, ಅದನ್ನೇ ಮತ್ತೆ ಹೇಳಿದೆ.

ನನ್ನ ಹಿಂದೆ ಸಾಲಿನಲ್ಲಿ ಸ್ವೆಟರಿನ ಮೇಲೆ ಟವೆಲು ಹಾಕಿಕೊಂಡ ಹಿರಿಯರೊಬ್ಬರು ನಿಂತಿದ್ದರು. ಮಂಡ್ಯದ ಕಡೆಯವರು, ಕಬ್ಬು ಬೆಳೆಗಾರರ ಯಾವುದೋ ಸಭೆಗೆ ಬಂದು ವಾಪಸಾಗುತ್ತಿದ್ದವರು.

"ಏನವ್ವಾ ಅದು, ರಂಗೋಲಿ ಪುಡಿಯಾ?"

ಕನ್ನಡ ಕೇಳಿದ್ದೇ ಅವರ ಕಡೆ ತಿರುಗಿದೆ. "ವಿಭೂತಿ ಕಣಪ್ಪಾ, ಕಾಶಿ ಸ್ವಾಮ್ಯೋರು ಕೊಟ್ಟಿದ್ದು."

"ಅಲ್ಲಾ ಕಣವ್ವಾ, ಬೂದಿಗೆ ಇವರು ಇಂಗಾಡೋ ಕಾಲ್ದಲ್ಲಿ ಅದ್ನ ಫಿಲಂ ಡಬ್ಬಿಗ್ಯಾಕವ್ವಾ ಆಕ್ಕಂಡೆ? ಇನ್ನೊಂದ್ರಲ್ಲಿ ಏನಿಟ್ಟಿದ್ದೀಯೆ, ಸಾರಿನಪುಡಿಯಾ?" ಎಂದವರು, ಅವರ ಕಡೆ ತಿರುಗಿ ಒರಟು ಹಿಂದಿಯಲ್ಲಿ ವಿವರಿಸಿದರು. ಪರದೆಯ ಪೊಲೀಸಮ್ಮ ಬಂದು ಮೂಸಿ ನೋಡಿ, "ಭಭೂತ್ ಹೈ, ಸಾಬ್," ಎಂದಳು. ನಾನು ಮೂರು ಬೆರಳಿಂದ ತೆಗೆದು ಹಣೆಗೆ ಎಳೆದುಕೊಂಡು, ಒಂದು ಚಿಟಿಕೆ ನಾಲಿಗೆಗೂ ಹಾಕಿಕೊಂಡೆ. ಆ ಅನುಮಾನ ಕಳೆಯಿತು.

ಆದರೆ ಒಂದು ಡಬ್ಬಿಯಲ್ಲಿ ಫಿಲಂ ಬದಲು ಪುಡಿ ಇದ್ದರೆ ಮಿಕ್ಕ ರೋಲುಗಳೊಳಗೆ ಏನಿದೆಯೋ ಯಾರು ಬಲ್ಲರು? ಅಧಿಕಾರಿ ಕೇಳಿದ್ದು ತಪ್ಪಲ್ಲ, ನಾನಾಗಿದ್ದರೂ ಕೇಳುತ್ತಿದ್ದೆ. ಎಲ್ಲ ಡಬ್ಬಿಗಳನ್ನೂ ತಟ್ಟೆಗೆ ಸುರಿದ. ಕರ್ಚೀಫಿನ ಗಂಟನ್ನೂ ಬಿಚ್ಚಿ ಅದರೊಳಗೇ ಹಾಕಿದ. ಹನ್ನೆರಡೂ ಉರುಳಿ ಬೆರೆತವು. ಮುಚ್ಚಳದ ಅಂಕಿಗಳು ಒಂದು ಕಡೆ, ರೋಲುಗಳು ಒಂದು ಕಡೆ.

"ಎಲ್ಲಾ ಮಿಷಿನ್ನಿಗಾಕು ಅಂತಾವ್ನೆ ಕಣವ್ವಾ," ಎಂದರು ಹಿರಿಯರು. "ಇಲ್ದೇ ಓದ್ರೆ ಇಲ್ಲೇ ಬುಟ್ಟೋಗು ಅಂತಾವ್ನೆ."

ಇವರು ಎಲ್ಲಿದ್ದಾರೆಂದು ಆ ಬಾಗಿಲ ಕಡೆ ನೋಡಿದೆ. ಕಾಣಲಿಲ್ಲ. ಯಂತ್ರಕ್ಕೆ ಹಾಕಿದರೆ ಹನ್ನೆರಡಕ್ಕೂ ಮಬ್ಬು. ಹಾಕದಿದ್ದರೆ ಹನ್ನೆರಡೂ ಇಲ್ಲೇ. ಅಕ್ಕಿ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಒತ್ತುತ್ತೇವೆ, ಪಾತ್ರೆಯನ್ನೆಲ್ಲ ಕಿವುಚುವುದಿಲ್ಲ. ನನಗೆ ಹೊಳೆದದ್ದು ಅಷ್ಟೇ.

"ಅಣ್ಣಾ, ಅವರಿಗೆ ಹೇಳಿ. ಒಂದು ರೋಲನ್ನ ಅವರ ಮುಂದೇನೇ ಬಿಚ್ತೀನಿ. ಅದು ಫಿಲಮೇ ಆಗಿದ್ರೆ ಮಿಕ್ಕಿದ್ದನ್ನ ಬಿಟ್ಬುಡಲಿ."

"ಬಿಚ್ಚುದ್ರೆ ಅದು ಎಕ್ಕುಟ್ಟೋಗಕಿಲ್ವಾ?"

"ಹೋಗುತ್ತೆ."

ಅವರು ನನ್ನ ಮುಖ ನೋಡಿ, ತಮಾಷೆ ನಿಲ್ಲಿಸಿ, ಹಿಂದಿಯಲ್ಲಿ ಹೇಳಿದರು. ಅಧಿಕಾರಿ ತನ್ನ ಮೇಲಿನವರನ್ನು ಕರೆದ. ಅವರು ಬಂದು ನಿಂತು ತಲೆಯಾಡಿಸಿದರು.

ನಮ್ಮದೇ ಆದ ಹನ್ನೆರಡನೆಯದನ್ನು ಕೊಟ್ಟುಬಿಡಬೇಕೆಂಬುದು ನನ್ನ ಆಸೆ. ಆದರೆ ತಟ್ಟೆಯಲ್ಲಿ ಅದು ಯಾವುದೆಂದು ಶಿವನೇ ಬಲ್ಲ. ನಾನೇ ಸುತ್ತಿದ ರೋಲುಗಳು, ನನ್ನ ಬೆರಳಿಗೂ ವ್ಯತ್ಯಾಸ ತಿಳಿಯಲಿಲ್ಲ. ಗುರುವಿನ ಹೆಸರು ಹೇಳಿ ಒಂದನ್ನು ತೆಗೆದೆ. ಇನ್ನೊಬ್ಬರು ಎಳೆಯುವುದನ್ನು ನೋಡಲಾರೆನೆಂದು ನಾನೇ ಮುಚ್ಚಳ ಕಿತ್ತು, ಆ ಟ್ಯೂಬ್‌ಲೈಟುಗಳ ಕೆಳಗೆ ಉದ್ದಕ್ಕೆ ಎಳೆದೆ. ಎರಡು ಮೊಳೆಗಳ ನಡುವಿನ ಅಳತೆಯಷ್ಟೂ ಹೊರಗೆ ಬಂತು.

ಹಿರಿಯರು ಬಗ್ಗಿ ನೋಡಿದರು. "ಇದ್ರಲ್ಲಿ ಏನೂ ಇಲ್ವಲ್ಲವ್ವಾ!"

ಅಧಿಕಾರಿಯೂ ಅದನ್ನೇ ಕೇಳಿದ. ಚಿತ್ರ ಎಲ್ಲಿ? ತೊಳೆಯದ ಫಿಲಮಿನಲ್ಲಿ ಬೂದು ಬಣ್ಣದ ಹೊಳಪಲ್ಲದೆ ಏನೂ ಕಾಣುವುದಿಲ್ಲ ಎಂಬುದನ್ನು ಯಾರಿಗೆ, ಯಾವ ಭಾಷೆಯಲ್ಲಿ ಹೇಳಲಿ? ಅಂಚಿನ ತೂತುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಹಳೆಯ ಕ್ಯಾಮೆರಾದ ಬೆನ್ನು ತೆಗೆದು, ಅದರ ಹಲ್ಲುಗಳ ಮೇಲೆ ಆ ತೂತುಗಳನ್ನು ಕೂರಿಸಿದೆ. ಸರಿಯಾಗಿ ಕೂತವು. ಮೇಲಿನ ಅಧಿಕಾರಿ ಬೆರಳಿಂದ ಹಲ್ಲನ್ನು ಒಂದು ಸುತ್ತು ತಿರುಗಿಸಿ ನೋಡಿ, ಮಿಕ್ಕ ಹನ್ನೊಂದನ್ನು ಚೀಲಕ್ಕೆ ಹಾಕಿಕೊಳ್ಳಲು ಹೇಳಿ, ಚೀಟಿಗೆ ಮೊಹರು ಹೊಡೆದರು. ವಿಭೂತಿಯ ಡಬ್ಬಿಯನ್ನು ಮಾತ್ರ ಬಿಡಲಿಲ್ಲ. ಪೊಲೀಸಮ್ಮನ ಕಡೆ ಅದನ್ನು ಸರಿಸಿ ಬಂದೆ.

ಒಳಗಿನ ಹಜಾರದಲ್ಲಿ ಇವರು ಕುರ್ಚಿಯಲ್ಲಿ ಕತ್ತು ಉದ್ದ ಮಾಡಿ ಕೂತಿದ್ದರು. ಹೇಳಿದೆ. ವಿಭೂತಿಯಿಂದ ಮೊದಲುಗೊಂಡು ಎಲ್ಲವನ್ನೂ.

"ಯಾವ ರೋಲೇ ಅದು?"

"ಗೊತ್ತಿಲ್ಲಾರೀ."

ವಿಮಾನ ಮೇಲೆದ್ದ ಮೇಲೆ, "ಮನೇಲಿ ಡಬ್ಬಿಗೆ ಬರವಿತ್ತಾ?" ಎಂದರು. ಇಳಿಯುವಾಗ, "ಹನ್ನೊಂದು ತಂದೆಯಲ್ಲ," ಎಂದರು. ಎರಡನ್ನೂ ಕೇಳಿಸಿಕೊಂಡೆ.

ಕಾಲಿಗೆ ಪ್ಲಾಸ್ಟರ್ ಇದ್ದವರು ಡಾರ್ಕ್ ರೂಮಿನಲ್ಲಿ ನಿಲ್ಲುವ ಹಾಗಿರಲಿಲ್ಲ. ತೊಳೆಯುವ ಕೆಲಸ ನನಗೇ ಬಂತು. ಒಮ್ಮೆಗೆ ಟ್ಯಾಂಕಿನಲ್ಲಿ ಎರಡು ರೋಲು. ನೀರು ಬೆಚ್ಚಗಾಗದಂತೆ ಪಾತ್ರೆಗೆ ಐಸು. ಇವರು ಬಾಗಿಲ ಹೊರಗೆ ಕುರ್ಚಿ ಹಾಕಿ, ಕಾಲನ್ನು ಸ್ಟೂಲಿನ ಮೇಲಿಟ್ಟು, ಗಡಿಯಾರ ನೋಡಿ ಕೂಗುತ್ತಿದ್ದರು: "ಅಲ್ಲಾಡ್ಸು... ಸಾಕು. ತಳ ತಟ್ಟು, ಗುಳ್ಳೆ ಹೋಗ್ಲಿ... ಇನ್ನೂ ಇದೆ, ಅವಸರ ಬೇಡ." ಮೊದಲ ಜೋಡಿ, ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುವ ಹೈಪೋ ನೀರಿನಿಂದ ಹೊರಗೆ ಬಂದಾಗ ನಾನು ಚಿತ್ರ ನೋಡಲಿಲ್ಲ, ಅಂಚು ನೋಡಿದೆ. ಅಂಚು ತಿಳಿನೀರಿನ ಹಾಗಿತ್ತು. ಮಬ್ಬಿರಲಿಲ್ಲ. ಬಾಗಿಲು ತೆಗೆದು ತೋರಿಸಿದೆ. ಇವರು ಬೆಳಕಿಗೆ ಹಿಡಿದು, "ಕ್ಲೀನು," ಎಂದರು. ಯಂತ್ರಕ್ಕೆ ಹಾಕದೆ ಉಳಿಸಿದ್ದಕ್ಕೆ ಅದೇ ಮೊದಲ ಫಲ.

ಎರಡು ದಿನ ಹಿಡಿಯಿತು. ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ಒಂದೊಂದೇ ತೂಗುಹಾಕುತ್ತ ಎಣಿಸಿದೆವು. ಮೊದಲ ಬೆಳಗಿನ ಮೂರೂ ಬಂದವು. ಎರಡನೆಯ ಬೆಳಗಿನವೂ ಬಂದವು. ಕಟ್ಟಡ ಎರಡು. ಐದನೆಯ ಸರದಿಯಲ್ಲಿ ಒಂದನ್ನು ಬಿಡಿಸಿ ಹಿಡಿದರೆ, ಮೆಟ್ಟಿಲ ಮೇಲೆ ನಾನು. ಒದ್ದೆ ಸೀರೆ, ಕೈ ಚಾಚಿ ಅವರ ಕಾಲ ಬಳಿ ಏನೋ ತೋರಿಸುತ್ತಿದ್ದೇನೆ. ಅಲ್ಲಿ ಪಾಚಿ ಇದೆ ಕಣ್ರೀ ಎನ್ನುತ್ತಿದ್ದದ್ದು. ಅದರ ಮುಂದಿನ ಫ್ರೇಮಿನಲ್ಲಿ ಬರೀ ಆಕಾಶ.

ಇವರು ನಗಲಿಲ್ಲ. ನನಗೂ ನಗು ಬರಲಿಲ್ಲ. ನಮ್ಮದು ಉಳಿದಿದೆ ಎಂದರೆ ಹೋದದ್ದು ಮೇಷ್ಟ್ರದು. ಕೊನೆಯ ಸರದಿ ಮುಗಿದಾಗ ತಂತಿಯ ಮೇಲೆ ಮೂರನೆಯ ಬೆಳಗಿನ ಮೊದಲ ರೋಲಿತ್ತು, ಕೊನೆಯದಿತ್ತು. ನಡುವಿನದಿಲ್ಲ. ಸ್ವಾಮಿಗಳು ದೀಪ ಎಳೆದುಕೊಳ್ಳುವುದಿತ್ತು, ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಗೆ ಸೇರಿಸುವುದಿತ್ತು. ನೋಡುತ್ತ ಕೂತದ್ದು ಇರಲಿಲ್ಲ.

ಪ್ರಿಂಟು ತೆಗೆದುಕೊಂಡು ಆಟೋದಲ್ಲಿ ಯಾದವಗಿರಿಗೆ ಹೋದೆವು. ದಾರಿಯಲ್ಲಿ ಇವರು, "ನೀನೇನೂ ಮಾತಾಡ್ಬೇಡ. ಫಿಲಂ ಕೈಕೊಡ್ತು ಅಂತೀನಿ," ಎಂದರು. ನನ್ನ ಮೇಲೆ ಬರದಿರಲಿ ಎಂದೇ ಅಂದದ್ದು, ನನಗೆ ಗೊತ್ತು.

ಮೇಷ್ಟ್ರು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಂಗೈಯ ಚಿತ್ರಗಳು ಬಂದಾಗ ಕನ್ನಡಕ ಮೇಲೆತ್ತಿ ಹತ್ತಿರದಿಂದ ನೋಡಿದರು. ಕೊನೆಗೆ, "ಲಿಂಗ ನೋಡ್ತಾ ಕೂತಾಗಿನ ಮುಖ ಎಲ್ಲಿ? ದೀಪ ಮುಂದಿಟ್ರು ಅಂತ ಫೋನಲ್ಲಿ ಹೇಳಿದ್ರಲ್ಲ?" ಎಂದರು.

"ಅದು ಸಾರ್, ಆ ಒಂದು ರೋಲಲ್ಲಿ ಫಿಲಂ..."

"ಫಿಲಂ ಚೆನ್ನಾಗಿತ್ತು ಮೇಷ್ಟ್ರೇ," ಎಂದೆ. "ನಾನೇ ಕಳೆದೆ."

ಇವರು ಕಿಟಕಿಯಾಚೆ ನೋಡತೊಡಗಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಮುಗಿದ ಮೇಲೆ ಮೇಷ್ಟ್ರು ಹಸ್ತಪ್ರತಿಯ ಕಟ್ಟನ್ನು ಎಳೆದುಕೊಂಡು ಒಂದು ಹಾಳೆ ತೆಗೆದರು. ಅದು ಖಾಲಿಯಿತ್ತು.

"ಇಲ್ಲಿ ಒಂದಕ್ಷರಾನೂ ಬರೆದಿಲ್ಲ. ಚಿತ್ರವೇ ಹೇಳ್ಲಿ ಅಂತ ಬಿಟ್ಟಿದ್ದೆ." ಹಾಳೆಯನ್ನು ನೋಡುತ್ತ ಇದ್ದರು. ಆಮೇಲೆ ಕೇಳಿದರು: "ಆ ಹೊತ್ನಲ್ಲಿ ನೀವೆಲ್ಲಿ ಕೂತಿದ್ರಿ?"

"ಕಂಬದ ಪಕ್ಕ. ಇವರಿಗಿಂತ ಹತ್ತಿರ."

"ನೋಡಿದ್ರಾ?"

"ನೋಡ್ದೆ. ಇವರು ಫೋಕಸ್ಸು ನೋಡ್ತಿದ್ರು. ನಾನು ಸ್ವಾಮ್ಯೋರನ್ನ ನೋಡ್ತಿದ್ದೆ."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಆ ಖಾಲಿ ಹಾಳೆಯನ್ನು ಮುಂದಿಟ್ಟುಕೊಂಡರು. "ಹೇಳಿ."

"ನಿಮ್ಮ ಪುಸ್ತಕಕ್ಕೆ ಆಗೋ ಹಾಗೆ ಹೇಳೋಕೆ ನಂಗೆ ಬರಲ್ಲ ಮೇಷ್ಟ್ರೇ."

"ದಿನಾ ಪೂಜೆ ಮಾಡೋರು ನೀವು. ಕಂಡದ್ದನ್ನ ಕಂಡ ಹಾಗೆ ಹೇಳಿ. ಮೊದಲು ಏನಾಯ್ತು?"

ಕಣ್ಣು ಮುಚ್ಚಿದೆ.

"ಮೊದಲು ಎಡಗೈ ಮುಂದೆ ಬಂತು," ಎಂದೆ. "ವಯಸ್ಸಾಗಿದೆಯಲ್ಲ, ಅದು ನಡುಗ್ತಿತ್ತು. ಲಿಂಗ ಇಟ್ಟ ಮೇಲೆ ನಡುಕ ನಿಂತೋಯ್ತು."

ಮೇಷ್ಟ್ರು ಬರೆದುಕೊಂಡರು.

"ಆಮೇಲೆ?" ಎಂದರು.